ಎಚ್ ಒಂದು ಹೆಚ್ಚು

ಹದಿನೆಂಟು ತುಂಬಿದ ಇಪ್ಪತ್ಮೂರನೆಯ ದಿನ
ಬೆಂಗ್ರೆಯಿಂದ ಮೊದಲ ಫೆರಿ ಹತ್ತಿದೆ.
ಪ್ಲಾಸ್ಟಿಕ್ ಫೈಲಿನೊಳಗೆ ನಾನು:
ಅಂಕಪಟ್ಟಿಯಲ್ಲೊಬ್ಬಳು, ಆಧಾರಿನಲ್ಲೊಬ್ಬಳು,
ರೇಷನ್ ಕಾರ್ಡಿನಲ್ಲಿ ಇನ್ನೂ
ಮುಂದಿನ ಹಲ್ಲು ಬಿದ್ದ ಒಬ್ಬಳು.

ಆಚೆ ದಡ ಬಂದರು. ಏಳು ನಿಮಿಷ.
ಟಿಕೆಟಿನವ ಯಾರ ಹೆಸರೂ ಕೇಳುವುದಿಲ್ಲ,
ಚಿಲ್ಲರೆ ಉಂಟಾ, ಅಷ್ಟೇ.

‘ಎಲ್ಲಿಗೆ ಹೋಗ್ಲಿಕ್ಕೆ ಮಾರಾಯ್ತಿ ಪಾಸ್‌ಪೋರ್ಟು?’
ಐಸ್ ಹೊರುವ ಮಯ್ಯದ್ದಿ ಕೇಳಿದ, ಟೀಚರು ಕೇಳಿದರು,
ಸ್ಟುಡಿಯೋದವ ಲೈಟು ಸರಿಸುತ್ತ ಕೇಳಿದ.
ಅಮ್ಮ ಮಾತ್ರ ಕೇಳಲಿಲ್ಲ.
ಸಿಗಡಿ ಸುಲಿದ ದುಡ್ಡಿನಲ್ಲಿ ಒಂದೂವರೆ ಸಾವಿರ
ಎರಡು ಸಲ ಎಣಿಸಿ ಕೊಟ್ಟು
‘ಕೊಡೆ ತಗೊ’ ಅಂದಳು.
ಉತ್ತರ ನನ್ನಲ್ಲೂ ಇರಲಿಲ್ಲ.
ಫಾರಮ್ಮು ಕೂಡ, ಅಷ್ಟೆಲ್ಲ ಕೇಳಿ,
ಅದೊಂದನ್ನು ಕೇಳುವುದಿಲ್ಲ.

ಕೌಂಟರಿನವರು ಘಟ್ಟದ ಮೇಲಿನವರು.
‘ಅಪ್ಪ ಕೋಟ್ಯಾನ್, ನೀನು ಸಾಲ್ಯಾನ್. ಟೈಪಿಂಗ್ ತಪ್ಪಾ?’
‘ಇಲ್ಲ ಸಾರ್, ನಮ್ಮಲ್ಲಿ ಬರಿ ಅಮ್ಮನಿಂದ.’
‘ಬರೀ ಅಮ್ಮನಿಂದ?’
ನಗಬೇಕೋ ಬೇಡವೋ ತಿಳಿಯದೆ
ಚಪ್ಪಲಿ ನೋಡಿದೆ.
ಅಮ್ಮನ ಹೆಸರು ಬೇಬಿ.
‘ಮನೆಯಲ್ಲಿ ಕರೆಯೋದಲ್ಲಮ್ಮ, ಸರಿಯಾದ್ದು ಹೇಳು.’
ಸರಿಯಾದ್ದೇ ಅದು. ಐವತ್ತೊಂದು ವರ್ಷದ ಬೇಬಿ.

ಆಮೇಲೆ ಆ ಎಚ್.
ಅಂಕಪಟ್ಟಿಯ ನಿಶ್ಮಿತಾಳಿಗೆ
ಟೀ ದಾಟಿದ ಮೇಲೆ ಒಂದು ಎಚ್ ಉಂಟು,
ಆಧಾರಿನವಳಿಗೆ ಇಲ್ಲ.
ಕನ್ನಡದಲ್ಲಿ ಬರೆದರೆ ಜಗಳವೇ ಇಲ್ಲ,
ತ-ಕ್ಕೆ ದೀರ್ಘ ಕೊಟ್ಟರೆ ಮುಗಿಯಿತು.
‘ಎಚ್ ಒಂದು ಹೆಚ್ಚಾಗಿದೆ’ ಎಂದರು,
ತಾವೇ ಹೇಳಿದ್ದು ಕೇಳಿ ತಾವೇ ಸಣ್ಣಗೆ ನಕ್ಕರು.
ನೋಟರಿಯ ಬಳಿ ಓಡಿ, ನೂರು ರೂಪಾಯಿ ಕೊಟ್ಟು
ಇಬ್ಬರೂ ಒಬ್ಬಳೇ ಎಂದು
ಪ್ರಮಾಣ ಮಾಡಿ ಬಂದೆ.

ಬೆರಳೊತ್ತಿದರೆ ಯಂತ್ರಕ್ಕೆ ಕೆಂಪು ಕಣ್ಣು.
ರಜೆಯಿಡೀ ಸಿಗಡಿಯ ತಲೆ ಕಿತ್ತ ಹೆಬ್ಬೆರಳು,
ಗೆರೆ ಸವೆದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ
ನಾಲ್ಕನೆಯ ಸಲಕ್ಕೆ ನನ್ನನ್ನು ಒಪ್ಪಿತು.
ಗುರುತಿನ ಚಿಹ್ನೆ?
ಎಡ ಹುಬ್ಬಿನಲ್ಲಿ ಗಾಯದ ಕಲೆ.

*

ಪೊಲೀಸ್ ಬಂದದ್ದೂ ಫೆರಿಯಲ್ಲೇ,
ಹೊಯಿಗೆಗೆ ಹೆದರಿ ಬೂಟು ಕೈಯಲ್ಲಿ ಹಿಡಿದು.
ನೆರೆಯವರಿಬ್ಬರ ಸಹಿ ಬೇಕಂತೆ.
ಎಡಮನೆಯ ಲೋಕಯ್ಯಣ್ಣ ಓದದೆ ಗೀಚಿದರು.
ಬಲಕ್ಕೆ ವಾರಿಜಕ್ಕ.

ಹನ್ನೊಂದು ವರ್ಷ ಅಮ್ಮನಿಗೂ ಅವಳಿಗೂ ಮಾತಿಲ್ಲ.
ಅವಳ ಮಗ ಎಸೆದ ಚಿಪ್ಪು, ನನ್ನ ಹುಬ್ಬು, ಐದು ಹೊಲಿಗೆ,
ಅಮ್ಮ ಅಂದದ್ದು, ಅವಳು ತಿರುಗಿ ಅಂದದ್ದು,
ಮಧ್ಯೆ ಎದ್ದ ಮಡಲಿನ ತಟ್ಟಿ.
ಪ್ರತಿ ಮಳೆಗಾಲ ಕೊಳೆಯುತ್ತದೆ,
ಪ್ರತಿ ವರ್ಷ ಯಾರಾದರೊಬ್ಬರು
ಮತ್ತೆ ಹೆಣೆಯುತ್ತಾರೆ.

ಪೊಲೀಸೇ ಕೂಗಿದ. ಬಂದಳು.
‘ಈ ಹುಡುಗಿಯ ಪರಿಚಯ ಉಂಟಾ?’
ನನ್ನನ್ನು ನೋಡಲಿಲ್ಲ, ಕಾಗದ ನೋಡಿದಳು.
‘ಬರೆದದ್ದು ಓದಿ.’
ಓದಿದ. ಹೆಸರು, ಎಚ್ ಸಮೇತ. ಮನೆ ನಂಬರು.
ಎಡ ಹುಬ್ಬಿನಲ್ಲಿ ಗಾಯದ
‘ಅದೂ ಬರೆದುಂಟಾ ಸರಕಾರದಲ್ಲಿ?’

ಪೆನ್ನು ಕೈಯಲ್ಲೇ ಉಳಿಯಿತು.
ಒಳಗಿನಿಂದ ಅಮ್ಮ, ಯಾರಿಗೆಂದಿಲ್ಲದೆ:
‘ಚಾ ಇಟ್ಟಿದ್ದೇನೆ.’
ವಾರಿಜಕ್ಕ ವಾ ಬರೆದಳು, ರಿ ಬರೆದಳು,
ಜ-ದ ಹೊತ್ತಿಗೆ ಇಂಕು ನಿಂತಿತು. ಕೊಡವಿ ಬರೆದಳು.
ಚಾ ಕುಡಿಯಲಿಲ್ಲ.
ಪೊಲೀಸ್ ಎರಡು ಲೋಟ ಕುಡಿದ.

*

ಪುಸ್ತಕ ಬಂದ ದಿನ ತಟ್ಟಿಯ ಹತ್ತಿರ ನಿಂತೆ.
ಅವಳು ಬೂತಾಯಿ ಹೆರೆಯುತ್ತಿದ್ದಳು.
‘ಬಂತಾ?’
‘ಬಂತು.’
ಸೆರಗಿಗೆ ಕೈಯೊರೆಸಿ ಇಸಿದುಕೊಂಡಳು.
‘ಅದು ಎಲ್ಲಿ ಬರೆದಿದ್ದಾರೆ?’
‘ಇದರಲ್ಲಿ ಬರೆಯೋದಿಲ್ಲ ವಾರಿಜಕ್ಕ.’

ನಂಬಲಿಲ್ಲ. ಒಂದೊಂದೇ ಪುಟ ತಿರುವಿದಳು,
ಮೂವತ್ತಾರೂ,
ಖಾಲಿಯಿದ್ದಲ್ಲಿ ಇನ್ನಷ್ಟು ಹತ್ತಿರ ಹಿಡಿದು.

ಹದಿಮೂರನೆಯ ಪುಟದಲ್ಲಿ
ಒಂದು ಮೀನಿನ ಹುರುಪೆ ಅಂಟಿದೆ.
ತೆಗೆದಿಲ್ಲ.